ಹಳೇ ಕಾರು ತಗೊಳ್ಳೋ ಮುಂಚೆ: ಫಿಯಾಟಾ, ಅಂಬಾಸಿಡರಾ, ಮಾರುತಿಯಾ, ಮತ್ತೆ ಯಾವುದಕ್ಕೆ ಆಮೇಲೆ "ಛೇ" ಅನಿಸುತ್ತೆ

ಮುಂಬೈ ಕಡೆಯ ಡೊಂಬಿವಲಿ, ಮಾಟುಂಗಾ, ಪುಣೆಯ ಕೋಥ್ರೂಡ್, ಆ ಕಡೆ ಗೋವಾದ ವಾಸ್ಕೋ, ಹೀಗೆ ಅಲ್ಲಲ್ಲಿ ಹಳೇ ಕಾರು ಇಟ್ಕೊಂಡಿರೋ ನಮ್ಮ ಕನ್ನಡದವರು ಒಂದು ಹದಿನೈದು ಜನ ಒಬ್ಬರಿಗೊಬ್ಬರು ಪರಿಚಯ ಇದ್ದೀವಿ, ಯಾರ ಗಾಡಿ ಎಲ್ಲಿ ನಿಂತ್ರೂ ಫೋನ್ ಬರುತ್ತೆ, ಯಾರಿಗೆ ಏನು ಸ್ಪೇರ್ ಸಿಕ್ಕಿದ್ರೂ ಫೋಟೋ ಬರುತ್ತೆ. ಇಷ್ಟು ವರ್ಷದಲ್ಲಿ ನಾನು ಗಮನಿಸಿದ್ದು, ಪ್ರತಿಯೊಬ್ಬರ ಹತ್ರಾನೂ ಒಂದು "ಛೇ" ಉಂಟು. ಛೇ, ಆವತ್ತು ಮಾರಬಾರದಿತ್ತು. ಛೇ, ಕಾರ್ಪೆಟ್ ಎತ್ತಿ ನೋಡಬೇಕಿತ್ತು. ಛೇ, ಆ ಬಣ್ಣ ಹೊಡೆಸಬಾರದಿತ್ತು. ಆಶ್ಚರ್ಯ ಏನಂದ್ರೆ ಎಂಜಿನ್ ವಿಷಯಕ್ಕೆ ಛೇ ಅಂದವರನ್ನ ನಾನು ನೋಡೇ ಇಲ್ಲ. ಎಂಜಿನ್ ಇಳಿಸಿ ಬೋರ್ ಮಾಡಿಸಿ ಪಿಸ್ಟನ್ ರಿಂಗ್ ಹಾಕಿಸಿದ್ರೆ ಮುಗೀತು. ಜನ ಕಣ್ಣೀರು ಹಾಕೋದು ಬಾಡಿಯ ತಗಡಿಗೆ, ಕಾಗದಪತ್ರಕ್ಕೆ, ಮತ್ತೆ ಗಾಡಿಯಿಂದ ಬಿಚ್ಚಿ ಎಲ್ಲೋ ಕಳೆದುಹೋದ ಸಣ್ಣ ಸಣ್ಣ ಸಾಮಾನಿಗೆ. ಅದಕ್ಕೇ ಈ ಹೋಲಿಕೆಯನ್ನ ಸ್ಪೀಡು ಮೈಲೇಜು ನೋಡಿ ಬರೀತಿಲ್ಲ, ಯಾವ ಆಯ್ಕೆ ಯಾವ ಛೇ ತರುತ್ತೆ ಅಂತ ನೋಡಿ ಬರೀತಿದ್ದೀನಿ.

ಮೊದಲು ನನ್ನದೇ ಹೇಳ್ತೀನಿ. ನಮ್ಮ ದೊಡ್ಡಪ್ಪನದು 1986ರ ಪದ್ಮಿನಿ, ಅಂದ್ರೆ ಫಿಯಾಟೇ, ಬಿಳಿ ಬಣ್ಣ, ಸ್ಟೀರಿಂಗ್ ಪಕ್ಕದ ಹ್ಯಾಂಡ್ ಗೇರು. ಕಾರ್ಕಳದಿಂದ ಬಂದು ಮುಂಬೈಯ ಫೋರ್ಟಲ್ಲಿ ಕ್ಯಾಂಟೀನ್ ನಡೆಸಿ ವರ್ಷಗಟ್ಟಲೆ ಕಾದು ತಗೊಂಡ ಗಾಡಿ ಅದು. ದೊಡ್ಡಪ್ಪ ಹೋದ ಮೇಲೆ 2009ರಲ್ಲಿ ಸೊಸೈಟಿಯವರು ಪಾರ್ಕಿಂಗ್ ಖಾಲಿ ಮಾಡಿ ಅಂತ ಹೇಳಿದ್ರು, ಮನೇಲಿ ಯಾರೂ ಓಡಿಸ್ತಿರಲಿಲ್ಲ, 22,000ಕ್ಕೆ ಕೊಟ್ಟುಬಿಟ್ಟೆವು. ದೊಡ್ಡಮ್ಮ ಬಾಗಿಲಲ್ಲಿ ನಿಂತು ನೋಡಿದ್ರು, ಏನೂ ಹೇಳಲಿಲ್ಲ. ಆ ಗಾಡಿಯ ಫ್ಲೋರು ಪೂರ್ತಿ ಗಟ್ಟಿ ಇತ್ತು, ಪೇಪರ್ ಎಲ್ಲ ಒಂದೇ ಹೆಸರಲ್ಲಿ ಇತ್ತು, ಗ್ರಿಲ್ಲಿಂದ ಹಿಡಿದು ಡಿಕ್ಕಿಯ ಲಾಕ್ ತನಕ ಎಲ್ಲ ಕಂಪನಿದೇ. ಅಂಥ ಗಾಡಿ ಹುಡುಕೋಕೆ ಆಮೇಲೆ ನಾನು ಏಳು ವರ್ಷ ತಿರುಗಿದೆ.

ಯಾವ ಗಾಡಿ

ಮುಂಬೈಯಲ್ಲಿ ಇರೋರಿಗೆ ಫಿಯಾಟ್ ಅಂದ್ರೆ ಊರ ಗಾಡಿ. ಕುರ್ಲಾದ ಪ್ರೀಮಿಯರ್ ಫ್ಯಾಕ್ಟರಿಯಲ್ಲೇ ಹುಟ್ಟಿದ್ದು, 1964ರಲ್ಲಿ ಫಿಯಾಟ್ 1100 ಡಿಲೈಟ್ ಅಂತ ಬಂದ ಅದೇ ಬಾಡಿ 1974ರಿಂದ ಪದ್ಮಿನಿ ಅಂತ ಹೆಸರು ಬದಲಾಯಿಸ್ಕೊಂಡು ಸುಮಾರು 2000ದ ತನಕ ಬಂತು. 1089 ಸಿಸಿ ಎಂಜಿನ್, ಹಗುರ ಸ್ಟೀರಿಂಗ್, ಚಿಕ್ಕ ಗಲ್ಲಿಯಲ್ಲೂ ತಿರುಗಿಸಬಹುದು, ಕೊನೆಕೊನೆಗೆ ಮಾತ್ರ ಫ್ಲೋರ್ ಗೇರ್ ಬಂತು. ಸ್ಪೇರ್ ಸಿಗುತ್ತೆ ಅನ್ನೋದೇ ಇದರ ದೊಡ್ಡ ಪ್ಲಸ್ ಪಾಯಿಂಟ್ ಆಗಿತ್ತು, ಆದ್ರೆ ಆ ಮಾತನ್ನ ಈಗ ಸ್ವಲ್ಪ ನಿಧಾನಿಸಿ ಹೇಳಬೇಕು. ಸ್ಪೇರ್ ಯಾಕೆ ಸಿಗ್ತಿತ್ತು ಅಂದ್ರೆ ಕಪ್ಪು ಹಳದಿ ಬಣ್ಣದ ಕಾಳಿಪೀಲಿ ಟ್ಯಾಕ್ಸಿ ಸಾವಿರಗಟ್ಟಲೆ ಓಡ್ತಿದ್ವು, ಅವು ಓಡ್ತಿದ್ದಷ್ಟು ದಿನ ವಾಟರ್ ಪಂಪು, ಕ್ಲಚ್ ಪ್ಲೇಟು, ಬ್ರೇಕ್ ಶೂ ಮಾಡೋರಿಗೂ ವ್ಯಾಪಾರ ಇತ್ತು, ಗುಜರಿಗೆ ಹೋದ ಟ್ಯಾಕ್ಸಿಯಿಂದ ಕುರ್ಲಾದ ಸಿಎಸ್‌ಟಿ ರೋಡಿಗೆ ಬಾಗಿಲು ಬಾನೆಟ್ ಬರ್ತಿತ್ತು. ಮುಂಬೈಯಲ್ಲಿ ಟ್ಯಾಕ್ಸಿಗೆ 20 ವರ್ಷದ ಮಿತಿ, ಕೊನೇ ಪದ್ಮಿನಿ ಟ್ಯಾಕ್ಸಿ ರಿಜಿಸ್ಟರ್ ಆಗಿದ್ದು 2003ರ ಅಕ್ಟೋಬರಲ್ಲಿ, ಹಾಗಾಗಿ 2023ರ ಅಕ್ಟೋಬರಿಗೆ ಅದೂ ರಸ್ತೆ ಬಿಟ್ಟಿತು. ಈಗ ಇರೋದು ಇದ್ದಷ್ಟೇ. ಎಂಜಿನ್ ಸಾಮಾನು ಇನ್ನೂ ಸಿಗುತ್ತೆ, ಆದ್ರೆ ಗ್ರಿಲ್ಲು, ಬೀಡಿಂಗು, ಹಳೇ ಮಾಡೆಲ್‌ನ ಲೈಟಿನ ಗಾಜು, ಮೀಟರ್ ಡಯಲ್ಲು, ಇವು ಗಾಡಿಯ ಜೊತೆಗೇ ಬರಬೇಕು. ಕುರ್ಲಾದ ಒಬ್ಬರು ಮೆಕ್ಯಾನಿಕ್ ಉಸ್ತಾದ್ ನನಗೆ ಹೇಳಿದ್ದು ಇಷ್ಟೇ, "ಅಣ್ಣಾ, ಎಂಜಿನ್ ನಾನು ನೋಡ್ಕೋತೀನಿ, ಗ್ರಿಲ್ ನೀವು ಮನೆಗೆ ತಗೊಂಡ್ ಹೋಗಿ." ಆ ಮಾತು ಕೇಳಲಿಲ್ಲ ನಾನು, ಅದಕ್ಕೆ ಆಮೇಲೆ ಬರ್ತೀನಿ.

ಅಂಬಾಸಿಡರ್ ಬೇರೆ ಥರದ ಪ್ರೀತಿ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸೀರೀಸ್ ಬಾಡಿ, ಬಂಗಾಳದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ 2014ರ ಮೇ ತನಕ ಮಾಡಿದ್ರು. ಮನೆಮಂದಿಯೆಲ್ಲ ಕೂತು ಊರಿಗೆ ಹೋಗೋದಾದ್ರೆ ಇದಕ್ಕಿಂತ ಆರಾಮ ಗಾಡಿ ಇಲ್ಲ, ಹಿಂದಿನ ಸೀಟು ಮನೆಯ ಸೋಫಾ ಥರ. ಆದ್ರೆ ಮುಂಬೈಯ ಸೊಸೈಟಿ ಪಾರ್ಕಿಂಗಿಗೆ ಇದು ದೊಡ್ಡದಾಯ್ತು, ಹಳೇದಕ್ಕೆ ಪವರ್ ಸ್ಟೀರಿಂಗ್ ಇಲ್ಲ, ಸಿಗ್ನಲ್ಲಿಂದ ಸಿಗ್ನಲ್ಲಿಗೆ ಕ್ಲಚ್ ಒತ್ತಿ ಒತ್ತಿ ಕಾಲು ನೋಯುತ್ತೆ. ಪುಣೆಯಲ್ಲಿ ಜಾಗ ಇದ್ದವರಿಗೆ ನಾನು ಧಾರಾಳವಾಗಿ ತಗೊಳ್ಳಿ ಅಂತೀನಿ. ಒಂದು ವಿಷಯ ಮಾತ್ರ ಕೇಳಿ ತಿಳ್ಕೊಳ್ಳಿ: ಹಳೇ 1489 ಸಿಸಿ ಪೆಟ್ರೋಲ್ ಎಂಜಿನ್ನಿನ ಹೆಡ್ಡು ಎರಕದ ಕಬ್ಬಿಣದ್ದು, ಸೀಸ ಬೆರೆಸಿದ ಪೆಟ್ರೋಲ್ ಇದ್ದ ಕಾಲಕ್ಕೆ ಮಾಡಿದ್ದು. ಆ ಪೆಟ್ರೋಲ್ 2000ದಲ್ಲಿ ದೇಶದಲ್ಲೆಲ್ಲ ನಿಂತಿತು. ಸೀಸ ಇಲ್ಲದೆ ಎಕ್ಸಾಸ್ಟ್ ವಾಲ್ವ್ ಕೂರೋ ಜಾಗ ನಿಧಾನಕ್ಕೆ ಸವೀತಾ ಹೋಗುತ್ತೆ, ವಾಲ್ವ್ ಮೇಲಿನ ಸಣ್ಣ ಸಂದು, ಅದೇ ಟ್ಯಾಪೆಟ್ ಗ್ಯಾಪ್, ಮತ್ತೆ ಮತ್ತೆ ಕಮ್ಮಿ ಆಗ್ತಿದ್ರೆ ಅದೇ ಕಾರಣ. ಹೆಡ್ ಬಿಚ್ಚಿದಾಗ ಗಟ್ಟಿ ವಾಲ್ವ್ ಸೀಟ್ ಹಾಕಿಸಿದ್ದಾರಾ ಅಂತ ಮಾರೋರನ್ನ ಕೇಳಿ. ಇದು ಸರಿಮಾಡಿಸಬಹುದಾದ ತೊಂದರೆ, ಇದಕ್ಕಾಗಿ ಒಳ್ಳೇ ಅಂಬಾಸಿಡರ್ ಬಿಡಬೇಡಿ.

ಮಾರುತಿ 800 ಬಗ್ಗೆ ನನಗೆ ನಿಜವಾಗಿ ಬೇಜಾರುಂಟು, ಯಾಕಂದ್ರೆ ಇದನ್ನ ಹಳೇ ಕಾರು ಅಂತ ನಮ್ಮ ಕಣ್ಣು ಒಪ್ಪಲೇ ಇಲ್ಲ. 1983ರ ಡಿಸೆಂಬರ್ 14ಕ್ಕೆ ಮೊದಲ ಗಾಡಿಯ ಕೀ ಕೈಗೆ ಕೊಟ್ಟಿದ್ದು, ಆ ಚೌಕ ಮೂತಿಯ ಎಸ್‌ಎಸ್ 80 ಮಾಡೆಲ್ ಎರಡು ಮೂರು ವರ್ಷ ಮಾತ್ರ ಬಂತು, 1986ರಲ್ಲಿ ಹೊಸ ಶೇಪ್ ಬಂದು ಅದೇ 2014ರ ಜನವರಿ ತನಕ ಹೋಯ್ತು. ಇಪ್ಪತ್ತು ವರ್ಷದ ಹಿಂದೆ ಎಸ್‌ಎಸ್ 80 ಗುಜರಿ ರೇಟಿಗೆ ಸಿಗ್ತಿತ್ತು, ನಾವು ತಿರುಗಿ ಸಹ ನೋಡಲಿಲ್ಲ, ಈಗ ಅದರ ಮುಂದಿನ ಗ್ರಿಲ್ಲು ಹಿಂದಿನ ಲೈಟು ಹುಡುಕೋರು ನಮ್ಮಲ್ಲೇ ಇಬ್ಬರಿದ್ದಾರೆ. ಮೊದಲನೇ ಸಲ ಹಳೇ ಕಾರು ತಗೊಳ್ಳೋರಿಗೆ ನನ್ನ ಸಲಹೆ 1986ರಿಂದ 90ರ ದಶಕದ ಕಾರ್ಬುರೇಟರ್ ಇರೋ 800. 796 ಸಿಸಿ, ಮೂರು ಸಿಲಿಂಡರು, ಯಾವ ಊರಲ್ಲಿ ನಿಂತ್ರೂ ಮೆಕ್ಯಾನಿಕ್ ಸಿಗ್ತಾನೆ. ತಗಡು ಮಾತ್ರ ತೆಳ್ಳಗೆ, ಚಕ್ರದ ಮೇಲಿನ ಕಮಾನು ಮತ್ತು ಫ್ಲೋರು ಕೈಯಿಂದ ಒತ್ತಿ ನೋಡಿ. ಊರಿಗೆ ಹೋದಾಗ ಯಾರದೋ ಶೆಡ್ಡಲ್ಲಿ ತೆಂಗಿನಗರಿ ಕೆಳಗೆ ನಿಂತಿರೋ, ಮೊದಲಿಂದ ಒಬ್ಬರೇ ಮಾಲೀಕರಿರೋ ಒಂದೇ ಕೈಯ 800 ಕಂಡ್ರೆ ಈಗಲೇ ಮಾತಾಡಿ ಇಡಿ ಮಾರಾಯ್ರೆ, ಫಿಯಾಟಿಗೆ ಆದದ್ದೇ ಇದಕ್ಕೂ ಆಗುತ್ತೆ.

ಕಾಂಟೆಸ್ಸಾ ನೋಡೋಕೆ ಚಂದ, ಇಸುಜು 1.8 ಎಂಜಿನ್ ಇರೋದಾದ್ರೆ ಓಡೋಕೂ ಚಂದ, ಶುರುವಿನವು ಅಂಬಾಸಿಡರ್ ಎಂಜಿನ್ನಲ್ಲಿ ಅಷ್ಟು ದೊಡ್ಡ ಬಾಡಿ ಎಳೀಬೇಕಿತ್ತು. ಬಾಡಿ ಉದ್ದ ಇರೋದಕ್ಕೆ ಟಿಂಕರಿಂಗ್ ಪೇಂಟಿಂಗ್ ಖರ್ಚೂ ಉದ್ದ. ಪ್ರೀಮಿಯರ್ 118ಎನ್‌ಇ ಯಾರಿಗೂ ನೆನಪಿಲ್ಲ, ನಿಸಾನಿನ 1171 ಸಿಸಿ ಎಂಜಿನ್ ಗಟ್ಟಿ, ತಗಡು ಗಟ್ಟಿ ಇರೋದು ಸಿಕ್ಕೋದೇ ಕಷ್ಟ. ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಆಸೆ ಇದ್ದವರು ಬಾಡಿಗಿಂತ ಮೊದಲು ಕೆಳಗಿನ ಚಾಸಿ, ಅಂದ್ರೆ ಬಾಡಿ ಹೊರೋ ಚೌಕಟ್ಟು, ನೋಡಿ, ಅದರದು ಬೇರೆ ಚಾಸಿ, ಅದು ಹೋದ್ರೆ ಬಾಗಿಲು ಸರಿಯಾಗಿ ಮುಚ್ಚೋದೂ ಇಲ್ಲ.

ಓಡೋ ಗಾಡಿಯಾ, ನಿಂತ ಗಾಡಿಯಾ, ಮಿಂಚೋ ಗಾಡಿಯಾ

ಜನ ಎರಡೇ ಆಯ್ಕೆ ಅಂದ್ಕೋತಾರೆ, ಓಡ್ತಿರೋದು ಜಾಸ್ತಿ ದುಡ್ಡಿಗೆ, ನಿಂತಿರೋದು ಕಮ್ಮಿಗೆ. ಮೂರನೇದು ಉಂಟು, ಹೊಸದಾಗಿ ಬಣ್ಣ ಹೊಡೆಸಿ ಮಿಂಚ್ತಿರೋದು, ಇದೇ ಎಲ್ಲಕ್ಕಿಂತ ಅಪಾಯ. ನಾನು 2016ರ ಡಿಸೆಂಬರಲ್ಲಿ ಗೋವಾದ ಮಾಪ್ಸಾ ಕಡೆಯಿಂದ 1979ರ ಪದ್ಮಿನಿ ತಗೊಂಡೆ, ಜಿಡಿ ಅಂತ ಶುರುವಾಗೋ ಹಳೇ ನಂಬರು, ತಿಳಿ ಹಸಿರು ಬಣ್ಣ, ಬಂಪರ್ ಕನ್ನಡಿ ಥರ. 85,000 ಕೊಟ್ಟೆ. ಚೋರ್ಲಾ ಘಾಟ್ ಹತ್ತಿ ಬೆಳಗಾವಿ ಮೇಲೆ ಓಡಿಸ್ಕೊಂಡೇ ಬಂದೆ, ಘಾಟಲ್ಲಿ ಒಂದು ಸಲ ಪೆಟ್ರೋಲ್ ಪಂಪ್ ಬಿಸಿಯಾಗಿ ನಿಂತಿತು, ಒದ್ದೆ ಬಟ್ಟೆ ಸುತ್ತಿ ಹತ್ತು ನಿಮಿಷ ಬಿಟ್ಟೆ, ಮತ್ತೆ ಹೊರಟಿತು, ಆವತ್ತು ಆದ ಖುಷಿ ಹೇಳೋಕಾಗಲ್ಲ. ಜೂನಲ್ಲಿ ಮಳೆ ಹಿಡೀತು. ಒಂದು ಬೆಳಿಗ್ಗೆ ಡ್ರೈವರ್ ಸೀಟಿನ ಕೆಳಗೆ ಚಪ್ಪಲಿ ಒದ್ದೆಯಾಯ್ತು. ಕಾರ್ಪೆಟ್ ಎತ್ತಿದ್ರೆ ಫ್ಲೋರೇ ಇಲ್ಲ, ಜಿಂಕ್ ಶೀಟ್ ರಿವಿಟ್ ಹೊಡೆದು ಮೇಲೆ ಡಾಂಬರು ಬಳಿದಿದ್ರು. ಬಾಗಿಲ ಕೆಳಗಿನ ಉದ್ದ ಪೆಟ್ಟಿಗೆ ಭಾಗ ಇರುತ್ತಲ್ಲ, ಅದರೊಳಗೆ ತೂತು ಮುಚ್ಚೋ ಪುಟ್ಟಿ ಬಿಟ್ರೆ ಏನೂ ಇರಲಿಲ್ಲ. ಫಿಯಾಟಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ, ಹಾಗಾಗಿ ಆ ಪೆಟ್ಟಿಗೆ ಹೋದ್ರೆ ಗಾಡಿಯ ಬೆನ್ನೆಲುಬೇ ಹೋದ ಹಾಗೆ. ತಗಡಿನ ಕೆಲಸಕ್ಕೆ 2,10,000 ಆಯ್ತು, ಎರಡೂವರೆ ವರ್ಷ ಗ್ಯಾರೇಜಲ್ಲಿ ನಿಂತಿತು. ಎಂಜಿನ್ ಪೂರ್ತಿ ಓವರ್‌ಹಾಲಿಗೆ ಖರ್ಚಾಗಿದ್ದು 38,000. ಈ ಮೂರು ಲೆಕ್ಕ ಪಕ್ಕಪಕ್ಕ ಇಟ್ಟು ನೋಡಿ, ನಾನು ಯಾಕೆ ತಗಡು ತಗಡು ಅಂತೀನಿ ಗೊತ್ತಾಗುತ್ತೆ.

ಆ ಎರಡೂವರೆ ವರ್ಷದಲ್ಲೇ ಗ್ರಿಲ್ಲೂ ಹೋಯ್ತು. ಕ್ರೋಮ್ ಪಾಲಿಶಿಗೆ ಕೊಟ್ಟ ಸಾಮಾನು ಒಂದು ಕಡೆ, ಬಿಚ್ಚಿಟ್ಟ ಸಾಮಾನು ಇನ್ನೊಂದು ಕಡೆ, ಗ್ಯಾರೇಜ್ ಜಾಗ ಬದಲಾಯಿಸ್ತು, ಕೊನೆಗೆ ಸಿಕ್ಕಿದ್ದು ಅರ್ಧ. ಈಗ ಹಾಕಿರೋ ಗ್ರಿಲ್ ಡೂಪ್ಲಿಕೇಟು, ಎಡಗಡೆ ಅರ್ಧ ಇಂಚು ಗ್ಯಾಪು, ನೋಡಿದಾಗೆಲ್ಲ ಕಣ್ಣು ಅಲ್ಲಿಗೇ ಹೋಗುತ್ತೆ.

ಹಾಗಾಗಿ ನನ್ನ ಆಯ್ಕೆಯ ಕ್ರಮ ಹೀಗೆ: ಬಣ್ಣ ಮಾಸಿ, ಸೀಟು ಹರಿದು, ಎಂಜಿನ್ ಹೊಗೆ ಬಿಡ್ತಿದ್ರೂ ತಗಡು ಗಟ್ಟಿ ಇರೋ ಗಾಡಿ ಮೊದಲು. ಆಮೇಲೆ ಓಡ್ತಿರೋ ಸಾಧಾರಣ ಗಾಡಿ. ಮಿಂಚೋ ಗಾಡಿ ಕೊನೆಗೆ, ಅದೂ ಬಣ್ಣ ಹೊಡೆಯೋಕೆ ಮುಂಚಿನ ತಗಡಿನ ಫೋಟೋ ಮಾಲೀಕರ ಹತ್ರ ಇದ್ರೆ ಮಾತ್ರ. ಬಿಚ್ಚಿ ಗೋಣಿಚೀಲದಲ್ಲಿ ತುಂಬಿಟ್ಟಿರೋ ಗಾಡಿ, ಎಲ್ಲ ಸಾಮಾನು ಇದೆ ಸಾರ್ ಅಂತಾರಲ್ಲ, ಅದನ್ನ ಮುಟ್ಟಬೇಡಿ, ಎಲ್ಲ ಸಾಮಾನು ಯಾವತ್ತೂ ಇರಲ್ಲ. ನೋಡೋಕೆ ಹೋಗುವಾಗ ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ, ಟಾರ್ಚು, ಒಂದು ಗೋಣಿತಟ್ಟು ಹಿಡ್ಕೊಂಡು ಹೋಗಿ. ಪುಟ್ಟಿ ಇದ್ದ ಕಡೆ ಅಯಸ್ಕಾಂತ ಅಂಟಲ್ಲ. ಗೋಣಿತಟ್ಟು ಹಾಕಿ ಗಾಡಿ ಕೆಳಗೆ ಮಲಗಿ ನೋಡಿ, ಜ್ಯಾಕ್ ಕೊಡೋ ಜಾಗ, ಬಾಗಿಲ ಕೆಳಗಿನ ನೀರು ಹೋಗೋ ತೂತು, ಮುಂದಿನ ಗಾಜಿನ ರಬ್ಬರ್ ಕೆಳಗೆ, ಬ್ಯಾಟರಿ ಇಡೋ ತಟ್ಟೆ. ನೋಡೋಕೆ ಬಿಡಲ್ಲ ಅಂದ್ರೆ ವಾಪಸ್ ಬನ್ನಿ.

ಎಲ್ಲಿಯ ಗಾಡಿ, ಯಾರ ಹೆಸರಲ್ಲಿ

ಇಲ್ಲಿ ನಿಜವಾದ ಇಕ್ಕಟ್ಟು ಇರೋದು. ಮುಂಬೈ, ಗೋವಾ, ಇಡೀ ಕೊಂಕಣ, ಸಮುದ್ರದ ಉಪ್ಪುಗಾಳಿ ಮತ್ತೆ ನಾಲ್ಕು ತಿಂಗಳ ಮಳೆಗೆ ತಗಡು ಒಳಗಿಂದ ಕರಗ್ತಾ ಇರುತ್ತೆ. ಸೊಲ್ಲಾಪುರ, ವಿಜಯಪುರ, ಬಳ್ಳಾರಿ ಕಡೆಯ ಒಣ ಹವೆಯ ಗಾಡಿ ಬಿಸಿಲಿಗೆ ಬಣ್ಣ ಸುಟ್ಟಿರುತ್ತೆ, ಡ್ಯಾಶ್‌ಬೋರ್ಡ್ ಬಿರುಕು ಬಿಟ್ಟಿರುತ್ತೆ, ಆದ್ರೆ ಫ್ಲೋರು ಇರುತ್ತೆ. ಆದ್ರೆ ಕರ್ನಾಟಕದ ಗಾಡಿ ಮಹಾರಾಷ್ಟ್ರಕ್ಕೆ ತರಬೇಕಂದ್ರೆ ಫಾರ್ಮ್ 28ರಲ್ಲಿ ಅಲ್ಲಿಯ ಆರ್‌ಟಿಒದ ಆಕ್ಷೇಪ ಇಲ್ಲ ಅನ್ನೋ ಎನ್‌ಒಸಿ, ಇಲ್ಲಿ ಮತ್ತೆ ಟ್ಯಾಕ್ಸು, 12 ತಿಂಗಳಿಗಿಂತ ಜಾಸ್ತಿ ಇಟ್ಕೊಳ್ಳೋದಾದ್ರೆ ಇಲ್ಲಿಯ ನಂಬರ್ ತಗೊಳ್ಳಲೇಬೇಕು. ಪುಣೆಯ ನಮ್ಮ ಗೆಳೆಯರೊಬ್ಬರು ದಾವಣಗೆರೆಯಿಂದ ಅಜ್ಜನ 1967ರ ಫಿಯಾಟ್ ತಂದ್ರು, ಎಂವೈ ಅಂತ ಮೈಸೂರು ರಾಜ್ಯದ ಕಾಲದ ನಂಬರು, ಇಲ್ಲಿ ಎಂಎಚ್ ನಂಬರ್ ಆಯ್ತು. ಗಾಡಿ ಅದೇ, ಬಣ್ಣ ಅದೇ, ಆದ್ರೆ ಅವರ ಅಮ್ಮ ನಂಬರ್ ಪ್ಲೇಟ್ ನೋಡಿ "ಇದು ಅಪ್ಪನ ಗಾಡಿ ಹಾಗೆ ಕಾಣಲ್ಲಪ್ಪ" ಅಂದ್ರಂತೆ. ಮನೆಯ ಗಾಡಿ, ಮನೆಯ ನಂಬರ್ ಅಂತ ಮನಸ್ಸಿಗೆ ಹತ್ತಿರ ಇದ್ರೆ ಅದನ್ನ ಊರಲ್ಲೇ ಇಟ್ಟು ರಜೆಗೆ ಹೋದಾಗ ಓಡಿಸಿ, ಹೊರಗಿಂದ ದುಡ್ಡು ಕೊಟ್ಟು ತಗೊಳ್ಳೋ ಗಾಡಿಯಾದ್ರೆ ನಂಬರಿಗಿಂತ ಫ್ಲೋರು ಮುಖ್ಯ.

ಪೇಪರಲ್ಲಿ ನೋಡಬೇಕಾದ್ದು ಆರ್‌ಸಿಯಲ್ಲಿರೋ ಮನುಷ್ಯ ಎಲ್ಲಿದ್ದಾರೆ ಅನ್ನೋದು. ವಾಸ್ಕೋದ ಗೆಳೆಯ ತುಂಬಾ ಚಂದದ ಅಂಬಾಸಿಡರ್ ತಗೊಂಡ, ಮಾರಿದವನು ಮೂರನೇ ಕೈ, ಆರ್‌ಸಿಯಲ್ಲಿರೋ ಮೊದಲನೇ ಮಾಲೀಕರು ಲಿಸ್ಬನ್ನಿಗೆ ಹೋಗಿ ಸೆಟಲ್ ಆಗಿದ್ದಾರೆ, ಹೆಸರು ಬದಲಾಯಿಸೋ ಫಾರ್ಮ್ 29, 30ಕ್ಕೆ ಅವರ ಸಹಿ ಬೇಕು. ನಾಲ್ಕು ವರ್ಷದಿಂದ ಗಾಡಿ ಕವರ್ ಹಾಕಿ ನಿಂತಿದೆ. ಮಾಲೀಕರು ತೀರಿಕೊಂಡಿದ್ರೆ ಫಾರ್ಮ್ 31ರಲ್ಲಿ ಮೊದಲು ವಾರಸುದಾರರ ಹೆಸರಿಗೆ ಆಗಲಿ, ಆಮೇಲೆ ದುಡ್ಡು ಕೊಡಿ. ಎಂಜಿನ್ ಬದಲಾಗಿದ್ರೆ ಆರ್‌ಸಿಯಲ್ಲಿ ಆ ನಂಬರ್ ಬಂದಿದೆಯಾ ನೋಡಿ. ಹಳೇ ಆರ್‌ಸಿ ಬುಕ್ಕಿನ ಎಷ್ಟೋ ಗಾಡಿ ಸರ್ಕಾರದ ವಾಹನ್ ಆನ್‌ಲೈನಿಗೆ ಏರೇ ಇಲ್ಲ, ಅದನ್ನ ಆರ್‌ಟಿಒದಲ್ಲಿ ಏರಿಸ್ಕೊಳ್ಳೋದು ಮಾರೋರ ಕೆಲಸ ಅಂತ ಮೊದಲೇ ಮಾತಾಡ್ಕೊಳ್ಳಿ.

15 ವರ್ಷ ಆದ ಮೇಲೆ ಐದೈದು ವರ್ಷಕ್ಕೆ ರಿಜಿಸ್ಟ್ರೇಷನ್ ರಿನ್ಯೂವಲ್, ಕಾರಿಗೆ ಅದರ ಫೀಸು 2022ರ ಏಪ್ರಿಲಲ್ಲಿ 5,000 ಆಯ್ತು, 2025ರ ಆಗಸ್ಟಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಆಯ್ತು, ಹಸಿರು ತೆರಿಗೆ ಬೇರೆ. 50 ವರ್ಷ ದಾಟಿದ ಗಾಡಿಗೆ 2021ರ ಜುಲೈಯಿಂದ ವಿಂಟೇಜ್ ರಿಜಿಸ್ಟ್ರೇಷನ್ ಅಂತ ಬೇರೆ ದಾರಿ ಬಂದಿದೆ, ಹೊಸದಾಗಿ ಮಾಡಿಸಿದ್ರೆ 20,000, ಮತ್ತೆ ಮಾಡಿಸೋಕೆ 5,000, ನಂಬರಲ್ಲಿ ವಿಎ ಅಂತ ಬರುತ್ತೆ, ಮೊದಲೇ ನಂಬರ್ ಇದ್ದ ಗಾಡಿ ಹಳೇ ನಂಬರ್ ಉಳಿಸ್ಕೋಬಹುದು. ಆದ್ರೆ ಆ ದಾರಿ ಹಿಡಿದ್ರೆ ದಿನಾ ಓಡಿಸೋ ಹಾಗಿಲ್ಲ, ರ‍್ಯಾಲಿ, ಪ್ರದರ್ಶನ, ಪೆಟ್ರೋಲು, ರಿಪೇರಿ ಇಷ್ಟಕ್ಕೆ ಮಾತ್ರ. ಭಾನುವಾರ ಮಾಟುಂಗಾ ಮಾರ್ಕೆಟಿಗೆ ಕಾಯಿಪಲ್ಯೆ ತರೋಕೆ ಅದರಲ್ಲೇ ಹೋಗಬೇಕು ಅನ್ನೋರು ಸಾಧಾರಣ ರಿಜಿಸ್ಟ್ರೇಷನ್ನಲ್ಲೇ ಇರಿ, ನಾನು ಹಾಗೇ ಇರೋನು.

ಬಣ್ಣ

ಕೋಥ್ರೂಡಿನ ಗೆಳೆಯರ ಹತ್ರ 1977ರ ಮಾರ್ಕ್ 3 ಅಂಬಾಸಿಡರ್ ಇತ್ತು, ಒಂದೇ ಕೈ, ಫ್ಯಾಕ್ಟರಿ ಬಣ್ಣ, ಬಾನೆಟ್ ಮೇಲೆ ಮಾಸಿತ್ತು ಅಷ್ಟೇ. ಮಗಳ ಮದುವೆಗೆ ಅಂತ ಎರಡು ಬಣ್ಣ ಹೊಡೆಸಿ, ಅಲಾಯ್ ವೀಲ್ ಹಾಕಿಸಿ, ಹಿಂದಿನ ಸೀಟು ಕಿತ್ತು ಹೊಸದು ಕೂರಿಸಿದ್ರು. ಮದುವೆ ಫೋಟೋದಲ್ಲಿ ಚಂದ ಬಂದಿದೆ. ಎರಡು ವರ್ಷದ ಮೇಲೆ ಅವರೇ ಹೇಳಿದ್ರು, ಮಗಳು ಚಿಕ್ಕವಳಿದ್ದಾಗ ಆ ಹಳೇ ಸೀಟಿನ ಅಂಚಿಗೆ ಪೆನ್ನಲ್ಲಿ ಗೀಚಿದ್ಲು, ಅದು ನನಗೆ ಈಗ ಬೇಕು ಅಂತ. ಸೀಟು ಗುಜರಿಗೆ ಹೋಗಿತ್ತು. ಮಾಸಿದ ಬಣ್ಣ ಪಾಲಿಶಲ್ಲಿ ಎಷ್ಟೋ ವಾಪಸ್ ಬರುತ್ತೆ, ತಗಡು ಕಾಣ್ತಿರೋ ಜಾಗಕ್ಕೆ ಮಾತ್ರ ಟಚಪ್ ಮಾಡಿಸಿ. ಪೂರ್ತಿ ಬಣ್ಣ ತುಕ್ಕು ತೆಗೆಯೋಕೆ ಅಂತ ಇರಬೇಕು, ಹೊಸದು ಕಾಣೋಕೆ ಅಲ್ಲ. ಬದಲಾಯಿಸಲೇಬೇಕಂದ್ರೆ ತೆಗೆದ ಒಂದು ಸ್ಕ್ರೂ ಕೂಡ ಎಸೀಬೇಡಿ, ಪ್ರತಿ ಸಾಮಾನಿನ ಫೋಟೋ ತೆಗೆದು, ಚೀಟಿ ಬರೆದು, ಮನೆಯ ಅಟ್ಟಕ್ಕೆ ಹಾಕಿ, ಗ್ಯಾರೇಜಲ್ಲಿ ಬಿಡಬೇಡಿ.

ಇಡೋ ಜಾಗ

ಪುಣೆಯಲ್ಲಿ ಒಂದು ಶೆಡ್ ಸಾಕು. ಮುಂಬೈ ಗೋವಾದಲ್ಲಿ ಬಯಲಲ್ಲಿ ನಿಲ್ಲಿಸೋದಾದ್ರೆ ದಯವಿಟ್ಟು ತಗೋಬೇಡಿ, ಅದರಲ್ಲೂ ಪ್ಲಾಸ್ಟಿಕ್ ಕವರ್ ಹಾಕಿ ನಿಲ್ಲಿಸಿದ್ರೆ ಒಳಗೆ ಬೆವರಿ ಬೇಗ ತುಕ್ಕು ಹಿಡಿಯುತ್ತೆ, ಹತ್ತಿ ಬಟ್ಟೆಯ ಕವರೇ ವಾಸಿ. ಈಗಿನ ಪೆಟ್ರೋಲಲ್ಲಿ 20 ಪರ್ಸೆಂಟ್ ಎಥನಾಲ್ ಇರುತ್ತೆ, ಅದು ಗಾಳಿಯ ತೇವ ಎಳ್ಕೊಳ್ಳುತ್ತೆ, ಹಳೇ ರಬ್ಬರ್ ಪೈಪು ಮತ್ತು ಪಂಪಿನ ಡಯಾಫ್ರಾಮ್ ಮೆತ್ತಗಾಗಿ ಬಿರಿಯುತ್ತೆ. ಗಾಡಿ ತಂದ ವಾರದಲ್ಲೇ ಎಲ್ಲ ಪೆಟ್ರೋಲ್ ಪೈಪು ಎಥನಾಲ್ ತಡೆಯೋದು ಹಾಕಿಸಿ, ಎಂಜಿನ್ ರೂಮಲ್ಲಿ ಪೆಟ್ರೋಲ್ ಸೋರಿದ್ರೆ ಬೆಂಕಿ ಹತ್ತುತ್ತೆ, ಇದರಲ್ಲಿ ಉಳಿತಾಯ ಬೇಡ. ಮಳೆಗಾಲದಲ್ಲಿ ಹತ್ತು ದಿನಕ್ಕೊಮ್ಮೆ ಮಳೆ ಬಿಟ್ಟಾಗ ಒಂದು ಹದಿನೈದು ಕಿಲೋಮೀಟರ್ ಓಡಿಸಿ ಬನ್ನಿ, ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಿದ್ರೆ ಸೈಲೆನ್ಸರಲ್ಲಿ ನೀರು ಕೂತು ಇನ್ನೂ ಹಾಳು.

ಜಾಗ ಇಲ್ಲದೋರಿಗೆ ಇನ್ನೊಂದು ಆಯ್ಕೆ ಉಂಟು, ಇದನ್ನ ಯಾರೂ ಆಯ್ಕೆ ಅಂತಾನೇ ಲೆಕ್ಕ ಹಿಡಿಯಲ್ಲ. ಮಾಟುಂಗಾದಲ್ಲಿ ನಮ್ಮ ಪರಿಚಯದ ಹಿರಿಯರು, ಎಂಬತ್ತು ದಾಟಿದೆ, ಅವರ ಹತ್ರ 1968ರ ಫಿಯಾಟ್ ಉಂಟು, ಮಕ್ಕಳು ಹೊರದೇಶದಲ್ಲಿ. ಮಾರೋಕೆ ಮನಸ್ಸಿಲ್ಲ, ಓಡಿಸೋಕೆ ಕಣ್ಣು ಸರಿ ಇಲ್ಲ. ನಾನು ಹದಿನೈದು ದಿನಕ್ಕೊಮ್ಮೆ ಭಾನುವಾರ ಡೊಂಬಿವಲಿಯಿಂದ ಲೋಕಲ್ಲಲ್ಲಿ ಹೋಗ್ತೀನಿ, ರೇಡಿಯೇಟರ್ ನೀರು, ಆಯಿಲ್, ಟೈರಿನ ಗಾಳಿ ನೋಡಿ, ಅವರನ್ನ ಪಕ್ಕದಲ್ಲಿ ಕೂರಿಸ್ಕೊಂಡು ಫೈವ್ ಗಾರ್ಡನ್ಸ್ ಮೇಲೆ ವರ್ಲಿ ತನಕ ಹೋಗಿ ಬರ್ತೀವಿ. "ಸೆಕೆಂಡಿಗೆ ಹಾಕು ಮಗಾ, ಅದಕ್ಕೆ ಕಷ್ಟ ಆಗ್ತಾ ಉಂಟು" ಅಂತ ಶಬ್ದ ಕೇಳಿಯೇ ಹೇಳ್ತಾರೆ. ಹೋದ ತಿಂಗಳು ಫಾರ್ಮ್ 29, 30 ತಗೊಂಡು ಬಾ, ಕೈ ನಡುಗೋಕೆ ಶುರುವಾಗೋ ಮುಂಚೆ ಸಹಿ ಹಾಕ್ತೀನಿ ಅಂದ್ರು. ನಾನು ಇನ್ನೂ ತಗೊಂಡು ಹೋಗಿಲ್ಲ, ಅವರ ಮಗನ ಹತ್ರ ಒಂದು ಮಾತು ಕೇಳಬೇಕು ಮೊದಲು.